ಚಿತ್ರ ಮೊದಲು, ಕಥೆ ಆಮೇಲೆ

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್, ಮಕ್ಕಳ ಕಥೆಗಳ ಬಹುಭಾಷಾ ಡಿಜಿಟಲ್ ಸಂಗ್ರಹ. ಕನ್ನಡವೂ ಅದರಲ್ಲಿದೆ. ಕಥೆಗಳನ್ನು ಓದುವುದಷ್ಟೇ ಅಲ್ಲ, ಅನುವಾದಿಸಬಹುದು, ಕಿರಿಯ ಓದುಗರಿಗಾಗಿ ಸರಳಗೊಳಿಸಲೂಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಮೂಲ ಲೇಖಕರು, ಚಿತ್ರಕಾರರ ಹೆಸರು ನಮೂದಿಸಿದರೆ ಸಾಕು, ಅನುಮತಿಗೆ ಕಾಯಬೇಕಿಲ್ಲ.

ನಿಜವಾದ ಪ್ರಯೋಗ ಇರುವುದು ಅದರ ಚಿತ್ರಭಂಡಾರದಲ್ಲಿ. ಮುದ್ರಿತ ಪುಸ್ತಕದಲ್ಲಿ ಸಾಮಾನ್ಯವಾಗಿ ಕಥೆ ಬರೆದ ಮೇಲೆ ಚಿತ್ರ. ಇಲ್ಲಿ ಸಿದ್ಧ ಚಿತ್ರಗಳನ್ನು ಆಯ್ದು, ಪುಟಪುಟವಾಗಿ ಜೋಡಿಸಿ, ಅವುಗಳಿಂದಲೇ ಹೊಸ ಕಥೆ ಕಟ್ಟಬಹುದು. ಒಂದೇ ಮರ ಒಂದು ಕಥೆಯಲ್ಲಿ ಶಾಲೆಯ ನೆರಳಾದರೆ ಇನ್ನೊಂದರಲ್ಲಿ ದೆವ್ವದ ಮನೆ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಶಿಕ್ಷಕರೊಬ್ಬರು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿ, ರೇಷ್ಮೆಗೂಡಿನ ಮಾರುಕಟ್ಟೆಯ ಕಥೆ ಹೇಳಬೇಕೆಂದರೆ ಪ್ರಕಾಶಕರನ್ನು ಹುಡುಕಬೇಕಾಗಿಲ್ಲ. ತೆಲುಗು ಮನೆಮಾತಿನ ಮಕ್ಕಳಿಗೆ ಅದನ್ನೇ ಕನ್ನಡ, ತೆಲುಗು ಎರಡೂ ಭಾಷೆಗಳಲ್ಲಿ ಕೊಡಬಹುದು.

ಯಾರು ಬೇಕಾದರೂ ಬರೆಯಬಹುದಾದ ಕಡೆ ಎಲ್ಲವೂ ಒಳ್ಳೆಯದಿರುವುದಿಲ್ಲ. ಆರಿಸಿ ಓದುವ ಕೆಲಸ ದೊಡ್ಡವರ ಪಾಲಿಗೆ ಉಳಿಯುತ್ತದೆ. ಕೆಲವು ಕಥೆಗಳಿಗೆ ಧ್ವನಿಯೂ ಉಂಟು: ಓದುವ ದನಿ ಸಾಗಿದಂತೆ ಪರದೆಯ ಮೇಲಿನ ಪದಗಳು ಬಣ್ಣ ಬದಲಿಸುತ್ತವೆ. ಇಂಟರ್‌ನೆಟ್ ಸರಿಯಾಗಿ ಸಿಗದ ಊರುಗಳಲ್ಲಿ ಕಥೆಯನ್ನು ಮೊದಲೇ ಇಳಿಸಿಕೊಂಡು, ಕಾಗದದ ಮೇಲೆ ಮುದ್ರಿಸಿಯೂ ತರಗತಿಯಲ್ಲಿ ಹಂಚಬಹುದು.