ಎರಡು ವೃಷಭಗಳು, ಎರಡು ನದಿಗಳು

ಗಿರಿಯೆಂದೊಡನೆ ಹಿಮಾಲಯವನ್ನೋ ಸಹ್ಯಾದ್ರಿಯನ್ನೋ ನೆನೆಯುವುದು ನಮ್ಮಲ್ಲಿ ರೂಢಿ. ಆದರೆ ಬೆಂಗಳೂರಿಗೆ ಉತ್ತರದಲ್ಲಿ, ಸುಮಾರು ೬೦ ಕಿಲೋಮೀಟರ್ ದೂರದಲ್ಲಿ, ಪುಟ್ಟದೊಂದು ಗಿರಿಪಂಕ್ತಿಯಿದೆ. ನಂದಿ, ಬ್ರಹ್ಮಗಿರಿ, ಚೆನ್ನಗಿರಿ, ಸ್ಕಂದಗಿರಿ, ದಿವ್ಯಗಿರಿ ಎಂಬ ಈ ಐದನ್ನೂ ಕೂಡಿಸಿ ಪಂಚಗಿರಿಯೆಂದು ಕರೆಯುತ್ತಾರೆ. ನಂದಿಯ ಎತ್ತರ ೧,೪೭೮ ಮೀಟರ್.

ಈ ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವುದು ಒಣ ಕುರುಚಲು. ನೆತ್ತಿಯಲ್ಲಿ ಮಾತ್ರ, ಮಂಜಿನ ತೇವವನ್ನುಂಡ ನಿತ್ಯಹಸುರಿನ ಕಾಡು. ಬಂಡೆಗಳನ್ನೇ ನೆಚ್ಚಿದ ಹಳದಿ ಕೊರಳಿನ ಪಿಕಳಾರ ಕೆಳಗೆ ವಾಸಿಸಿದರೆ, ಪಶ್ಚಿಮಘಟ್ಟದ ನೀಲಗಿರಿ ಕಾಡುಪಾರಿವಾಳವು ಮೇಲಣ ಮರಗಳ ನಡುವೆ ಕಾಣಸಿಗುತ್ತದೆ. ಒಂದೇ ಬೆಟ್ಟ ಎರಡು ನಾಡುಗಳ ಜೀವರಾಶಿಗೆ ಆಶ್ರಯವಿತ್ತಿದೆ.

ಈ ಗಿರಿಗೂ ನಮ್ಮ ಬಸವನಗುಡಿಗೂ ಇರುವ ನಂಟು ಹೆಸರಿನದು ಮಾತ್ರವಲ್ಲ, ನೀರಿನದೂ ಹೌದು. ನಂದಿಯಲ್ಲಿ ಹುಟ್ಟುವುದು ಅರ್ಕಾವತಿ. ದೊಡ್ಡಬಸವನ ಗುಡಿಯ ಬಳಿ, ಕಹಳೆ ಬಂಡೆಯ ನೆರೆಯಲ್ಲಿ, ವೃಷಭಾವತಿಯ ಮೂಲ. ಆ ಬಂಡೆಯ ಶಿಲಾವರ್ಗಕ್ಕೆ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ೧೯೧೬ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಅದೇ ವರ್ಗದ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ.

೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿಯಲ್ಲಿ ಹರಿದುಬಂದದ್ದು ಅರ್ಕಾವತಿಯ ನೀರು. ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನಗರದ ದಾಹವೂ ಬೆಳೆಯಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಅದಾದ ಮೇಲೆ ನದಿಯ ಮೇಲ್ಪಾತ್ರದಲ್ಲಿ ನೀಲಗಿರಿ ತೋಪುಗಳು ಹಬ್ಬಿದವು, ಕೊಳವೆ ಬಾವಿಗಳು ಆಳಕ್ಕಿಳಿದವು, ಕೆರೆಗಳ ಕಾಲುವೆಗಳು ಮುಚ್ಚಿಹೋದವು. ನದಿ ಸೊರಗಿತು.

ಇತ್ತ ವೃಷಭಾವತಿ ಬತ್ತಲಿಲ್ಲ. ನಗರದ ಕೊಳಚೆಯನ್ನು ಹೊತ್ತು ವರ್ಷವಿಡೀ ಹರಿಯುತ್ತಿದೆ. ಮುಂದೆ ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನಂದಿಯಿಂದ ಬಾರದ ತಿಳಿನೀರಿನ ಸ್ಥಾನವನ್ನು ನಮ್ಮ ಮನೆಗಳ ಬಚ್ಚಲು ನೀರು ತುಂಬುತ್ತಿದೆಯೆಂದರೆ ಅತಿಶಯೋಕ್ತಿಯಾಗದು.

ಬೇಸಗೆಯ ಬೇಗೆಗೆ ಅಂಜಿ ನಂದಿಯನ್ನೇರುವವರು ನಮ್ಮಲ್ಲಿ ಬಹಳ ಮಂದಿ. ಇಳಿದು ಬರುವಾಗ ನೀರಿನ ಜಾಡನ್ನು ಹಿಡಿಯುವವರು ವಿರಳ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಕಹಳೆ ಬಂಡೆಯಿಂದ ಹೊರಡಿಸಿ ಸಂಗಮದವರೆಗೆ ನಡೆಸಲಿ. ಭೂಗೋಳದ ಪಾಠದ ಜೊತೆಗೆ, ಊರು ತನ್ನ ತವರಿನ ಹೊಳೆಗೆ ಏನನ್ನು ಮರಳಿಸಿದೆಯೆಂಬುದನ್ನೂ ಅವರು ಕಣ್ಣಾರೆ ಕಾಣುವರು.