ನಿಧಾನಗತಿಯ ಡಿಸ್ಕ್‌ಗಳಿಂದ ಡಿಸ್ಕ್ ಗಾಲ್ಫ್ ಅಭ್ಯಾಸ

ಡಿಸ್ಕ್ ಗಾಲ್ಫ್ ಆಟದಲ್ಲಿ ಎಸೆತದ ಕೌಶಲವನ್ನು ತಿದ್ದಿಕೊಳ್ಳಲು, ವೇಗದ ಡ್ರೈವರ್‌ಗಳನ್ನು ಕೆಲಕಾಲ ಬದಿಗಿರಿಸಿ, ಪಟರ್ ಮತ್ತು ಮಿಡ್‌ರೇಂಜ್ ಎಂಬ ನಿಧಾನಗತಿಯ ಡಿಸ್ಕ್‌ಗಳನ್ನೇ ದೂರಕ್ಕೆ ಎಸೆದು ಅಭ್ಯಾಸ ಮಾಡುವ ಕ್ರಮವೊಂದು ರೂಢಿಯಲ್ಲಿದೆ. ಇಂತಹ ಡಿಸ್ಕ್‌ಗಳು ಎಸೆಯುವವರ ತಪ್ಪನ್ನು ಮರೆಮಾಚದೆ ಕೂಡಲೇ ತೋರಿಸಿಕೊಡುತ್ತವೆ ಎಂಬುದೇ ಈ ಕ್ರಮದ ಆಧಾರ.

ಹಿನ್ನೆಲೆ

ಚೆಂಡಿಗೆ ಬದಲಾಗಿ ಪ್ಲಾಸ್ಟಿಕ್ ಡಿಸ್ಕನ್ನೂ ಕುಳಿಗೆ ಬದಲಾಗಿ ಸರಪಳಿಗಳು ತೂಗುವ ಲೋಹದ ಬುಟ್ಟಿಯನ್ನೂ ಬಳಸುವ ಗಾಲ್ಫ್ ಇದು. ಆದಷ್ಟು ಕಡಿಮೆ ಎಸೆತಗಳಲ್ಲಿ ಡಿಸ್ಕ್ ಬುಟ್ಟಿಯನ್ನು ಸೇರಬೇಕು. ಶಾಲಾ ಕ್ರೀಡಾಕೂಟಗಳ ಚಕ್ರ ಎಸೆತದೊಂದಿಗೆ ಇದನ್ನು ಬೆರೆಸಬಾರದು. ಅಲ್ಲಿ ಪುರುಷರ ಚಕ್ರದ ತೂಕ 2 ಕಿಲೋಗ್ರಾಂ, ಇಲ್ಲಿಯ ಡಿಸ್ಕ್ ಸಾಮಾನ್ಯವಾಗಿ 150ರಿಂದ 180 ಗ್ರಾಂ. ಎಡ್ ಹೆಡ್ರಿಕ್ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟದ ಮೊದಲ ಕಾಯಂ ಅಂಗಳವನ್ನು ರೂಪಿಸಿದರು. 1983ರಲ್ಲಿ ಡೇವ್ ಡನಿಪೇಸ್ ಅವರು ಓರೆಯಾಗಿ ಕೊರೆದ ಅಂಚಿನ ಡಿಸ್ಕನ್ನು ತಂದ ಮೇಲೆ ಡಿಸ್ಕ್‌ಗಳ ವೇಗ ಏರುತ್ತಲೇ ಹೋಯಿತು.

ವೇಗದ ಅಂಕಿಯ ಅರ್ಥ

ಡಿಸ್ಕ್‌ನ ಹಾರಾಟವನ್ನು ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಎಂಬ ನಾಲ್ಕು ಅಂಕಿಗಳಲ್ಲಿ ಸೂಚಿಸುತ್ತಾರೆ. ಇನೋವಾ ಸಂಸ್ಥೆಯ ಏವಿಯಾರ್ ಎಂಬ ಪಟರ್‌ನ ಸ್ಪೀಡ್ 2. ಅದೇ ಸಂಸ್ಥೆಯ ಡಿಸ್ಟ್ರಾಯರ್ ಎಂಬ ಡ್ರೈವರ್‌ನದು 12. ದೊಡ್ಡ ಅಂಕಿಯ ಡಿಸ್ಕ್ ತಾನಾಗಿಯೇ ವೇಗವಾಗಿ ಹೋಗುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಅಂಕಿಯು, ಡಿಸ್ಕ್ ತನ್ನ ನಿಜವಾದ ಹಾರಾಟವನ್ನು ತೋರಲು ಎಷ್ಟು ವೇಗದಲ್ಲಿ ಕೈ ಬಿಡಬೇಕೆಂಬುದನ್ನು ಹೇಳುತ್ತದೆ. ಅದು ಡಿಸ್ಕ್ ಕೊಡುವ ವರವಲ್ಲ, ಡಿಸ್ಕ್ ಕೇಳುವ ಬೆಲೆ.

ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ ಡಿಸ್ಕ್, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ಹೆಚ್ಚಿದ್ದಾಗ ಅದು ಬಲಕ್ಕೆ ಒಲಿಯುತ್ತದೆ, ವೇಗ ಕುಂದಿದಂತೆ ಎಡಕ್ಕೆ ಹೊರಳಿ ಇಳಿಯುತ್ತದೆ. ಸಾಕಷ್ಟು ವೇಗವಿಲ್ಲದೆ ಎಸೆದ ಡ್ರೈವರ್ ಮೊದಲಿನಿಂದಲೇ ಎಡಕ್ಕೆ ಬಾಗುತ್ತದೆ. ಅದನ್ನು ಸರಿಪಡಿಸಲು ಹೊಸಬರು ಡಿಸ್ಕ್‌ನ ಹೊರ ಅಂಚನ್ನು ಮೇಲೆತ್ತುತ್ತಾರೆ, ಬೆನ್ನು ವಾಲಿಸುತ್ತಾರೆ, ತೋಳನ್ನೇ ನಂಬಿ ಬೀಸುತ್ತಾರೆ. ಎಸೆತ ಕೆಲವು ಮೀಟರ್ ಮುಂದೆ ಹೋಗಬಹುದು. ಆದರೆ ತಪ್ಪು ಅಭ್ಯಾಸ ಬೇರೂರುತ್ತದೆ, ಮೊಣಕೈ ಮತ್ತು ಭುಜಗಳೂ ನೋಯತೊಡಗುತ್ತವೆ. ತಪ್ಪು ಕಾಗುಣಿತವನ್ನು ಚೆಂದದ ಅಕ್ಷರದಲ್ಲಿ ಬರೆದು ರೂಢಿಸಿಕೊಂಡ ವಿದ್ಯಾರ್ಥಿಯನ್ನು ತಿದ್ದುವುದು ಎಷ್ಟು ಕಷ್ಟವೆಂದು ಶಿಕ್ಷಕರು ಬಲ್ಲರು.

ಪಟರ್‌ನ ಅಂಚು ಸುಮಾರು 1 ಸೆಂ.ಮೀ. ಅಗಲದ್ದು, ಮೊಂಡಾದದ್ದು, ದೂರದ ಡ್ರೈವರ್‌ನದು 2 ಸೆಂ.ಮೀ. ಮೀರಿದ್ದು, ಚೂಪಾದದ್ದು. ಕೈ ಬಿಡುವಾಗ ಮಣಿಕಟ್ಟು ಹೊರಳಿದರೆ ಪಟರ್ ಗಾಳಿಯಲ್ಲಿ ತತ್ತರಿಸಿ ಬಲಕ್ಕೆ ಮಗುಚುತ್ತದೆ. ಮುಂಭಾಗ ಮೇಲೆದ್ದಿದ್ದರೆ ಏರಿ, ನಿಂತು, ಬಿದ್ದುಹೋಗುತ್ತದೆ. ಡಿಸ್ಕ್ ಸಮತಟ್ಟಾಗಿ, ಸಾಕಷ್ಟು ತಿರುಗುವಿಕೆಯೊಂದಿಗೆ ಹೊರಟಾಗ ಮಾತ್ರ ನೇರವಾಗಿ ತೇಲುತ್ತದೆ.

ಅಭ್ಯಾಸದ ವಿಧಾನ

ಆರಂಭಕ್ಕೆ ಬುಟ್ಟಿ ಬೇಕಿಲ್ಲ. ತೆರೆದ ಬಯಲು, ಒಂದೇ ಬಗೆಯ ನಾಲ್ಕಾರು ಪಟರ್‌ಗಳು, ದೂರದಲ್ಲೊಂದು ಗುರುತು ಸಾಕು. ಮೊದಲು ನಿಂತಲ್ಲಿಂದಲೇ ಎಸೆಯಬೇಕು. ಹಿಂಗಾಲಿನ ಭಾರ ಮುಂಗಾಲಿಗೆ ಬಂದ ಮೇಲೆ ಸೊಂಟ ತಿರುಗಬೇಕು, ಅದರ ಹಿಂದೆ ಭುಜ, ಕಡೆಗೆ ತೋಳು. ಡಿಸ್ಕ್ ಎದೆಯ ಸಮೀಪದಲ್ಲಿ ನೇರ ಗೆರೆಯಲ್ಲಿ ಸಾಗಬೇಕೇ ಹೊರತು ದೇಹವನ್ನು ಸುತ್ತಿಕೊಂಡು ಬರಬಾರದು. ಬಲ ಸುಮಾರು ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಡ.

ಕಲಬುರಗಿಯ ಶರಣಬಸವೇಶ್ವರ ರಥೋತ್ಸವವನ್ನು ಕಂಡವರಿಗೆ ಈ ಕೊನೆಯ ಮಾತು ಬೇಗ ತಿಳಿದೀತು. ಹೋಳಿಯ ನಂತರದ ಐದನೆಯ ದಿನ ತೇರು ಹೊರಟಾಗ ಭಕ್ತರು ಅದರತ್ತ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರೆ. ಭುಜ ಕಿತ್ತುಬರುವಂತೆ ಬೀಸಿದವರ ಹಣ್ಣು ತೇರನ್ನು ದಾಟಿ ಆಚೆಯ ಜನರ ಮೇಲೆ ಬೀಳುವುದುಂಟು. ಕಲಶದ ಮೇಲೆ ಕಣ್ಣಿಟ್ಟು ಹದವಾಗಿ ಎಸೆದವರದು ಅದನ್ನು ಮುಟ್ಟುತ್ತದೆ. ಬಾಳೆಹಣ್ಣಿಗೆ ತಿರುಗುವಿಕೆಯ ಹಂಗಿಲ್ಲವಾದ್ದರಿಂದ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ.

ಹತ್ತರಲ್ಲಿ ಏಳೆಂಟು ಎಸೆತಗಳು ನೇರವಾಗಿ ಹೋಗತೊಡಗಿದ ಮೇಲೆ ಹೆಜ್ಜೆಗಳನ್ನು ಸೇರಿಸಬಹುದು. ಅನಂತರ ಮಿಡ್‌ರೇಂಜ್, ಆಮೇಲೆ 6 ಅಥವಾ 7 ಸ್ಪೀಡಿನ ಫೇರ್‌ವೇ ಡ್ರೈವರ್. ಡ್ರೈವರ್ ಕೂಡ ಪಟರ್‌ನಷ್ಟೇ ದೂರ ಹೋಗುತ್ತಿದ್ದರೆ, ವೇಗದ ಡಿಸ್ಕ್‌ಗೆ ಇನ್ನೂ ಕಾಲ ಬಂದಿಲ್ಲವೆಂದು ತಿಳಿಯಬೇಕು. ಪಟರ್ ದೊರೆಯದ ಊರುಗಳಲ್ಲಿ, ಬೆಂಗಳೂರು ಮೊದಲಾದ ನಗರಗಳಲ್ಲಿ ಆಡುವ ಅಲ್ಟಿಮೇಟ್ ಆಟದ 175 ಗ್ರಾಂ ಡಿಸ್ಕ್‌ನಿಂದಲೂ ಆರಂಭಿಸಬಹುದು. ಅದರ ಹಿಡಿತ ಬೇರೆಯಾದರೂ ತಪ್ಪುಗಳನ್ನು ಅದೂ ಅಷ್ಟೇ ನಿಷ್ಠುರವಾಗಿ ತೋರುತ್ತದೆ.

ಮಿತಿಗಳು

ಅಗಲ ಅಂಚಿನ ಡ್ರೈವರ್‌ನ ಹಿಡಿತವನ್ನು ಪಟರ್ ಕಲಿಸಲಾರದು. ಅದಕ್ಕೆ ಪ್ರತ್ಯೇಕ ಅಭ್ಯಾಸ ಅಗತ್ಯ. ಎದುರುಗಾಳಿಯಲ್ಲಿ ಸರಿಯಾಗಿ ಎಸೆದ ಪಟರ್ ಕೂಡ ಮಗುಚಬಹುದಾದ್ದರಿಂದ, ಗಾಳಿ ಬೀಸುವ ಹೊತ್ತಿನ ಫಲಿತಾಂಶವನ್ನು ನೋಡಿ ಕೈಯನ್ನು ದೂಷಿಸಬಾರದು. ಬಯಲುಸೀಮೆಯಲ್ಲಿ ಬೆಳಗಿನ ಹೊತ್ತೇ ಲೇಸು. ಶರಣಬಸವೇಶ್ವರ ಕೆರೆಯ ಉದ್ಯಾನದಂತೆ ಜನರು ವಿಹಾರಕ್ಕೆ ಬರುವ ಸ್ಥಳಗಳು ಇದಕ್ಕೆ ಸಲ್ಲವು. ನಿಧಾನಗತಿಯದೆಂದು ಕರೆಸಿಕೊಂಡ ಡಿಸ್ಕ್ ಕೂಡ ತಲೆಗೆ ಬಡಿದರೆ ಗಾಯವಾಗುತ್ತದೆ.