ಹಿಂಗಾಜಿನ ಹನುಮ, ನೋಟಿನ ಮೇಲಿನ ರೂಪಾಯಿ

ದಿಂಬಂ ಘಟ್ಟದಲ್ಲಿ 27 ತಿರುವು. ಯಾವುದಾದರೂ ಒಂದು ತಿರುವಿನಲ್ಲಿ ಉದ್ದ ಲಾರಿ ಸಿಕ್ಕಿಕೊಂಡಿತೋ, ಹಿಂದಿನವರೆಲ್ಲ ಇಂಜಿನ್ ಆರಿಸಿ ಕೂತರಾಯಿತು. ಈಚೆಗೆ ಕೋಸು ತುಂಬಿಕೊಂಡು ಮೆಟ್ಟುಪಾಳ್ಯಂ ಕಡೆಗೆ ಇಳಿಯುವಾಗ ನಮಗೂ ಹಾಗೇ ಆಯಿತು. ನಮ್ಮ ಮುಂದೆ ಒಂದು ಕಾರು. ಅದರ ಹಿಂಗಾಜಿನ ಮೇಲೆ ಆ ಹನುಮನ ಮುಖ. ನೀವೂ ನೋಡಿದ್ದೀರಿ. ಕೇಸರಿ, ಕಪ್ಪು, ಎರಡೇ ಬಣ್ಣ. ಗಂಟಿಕ್ಕಿದ ಹುಬ್ಬು, ನೆಟ್ಟ ನೋಟ. ಮುಕ್ಕಾಲು ಗಂಟೆ ಆ ಮುಖ ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು.

“ಇದನ್ನ ಬರೆದೋರು ಯಾರು ಗೊತ್ತೇನಪ್ಪ?” ಎಂದು ನಮ್ಮ ಡ್ರೈವರನ್ನು ಕೇಳಿದೆ.

“ನನಗೆಂಗ್ ಗೊತ್ತಣ್ಣ? ಸ್ಟಿಕ್ಕರ್ ಅಂಗಡೀಲಿ ಅಂಟುಸ್ತಾರೆ, ಅಷ್ಟೆಯ.”

ಬರೆದವರ ಹೆಸರು ಕರಣ್ ಆಚಾರ್ಯ. ಊರು ಕಾಸರಗೋಡು ಜಿಲ್ಲೆಯ ಕುಂಬಳೆ. ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ನಾವು ಓದಿರುವ ಅದೇ ಕುಂಬಳೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳದ ಪಾಲಾಯಿತು. ಅಂದರೆ ನಮ್ಮ ಹಾಗೇ ಗೆರೆಯ ಆಚೆ ಉಳಿದ ಸೀಮೆಯ ಹುಡುಗನ ಚಿತ್ರ ಇಲ್ಲಿ ನಮ್ಮ ಘಟ್ಟ ಇಳಿಯುತ್ತಿದೆ. ಬೆಂಗಳೂರಿನ ದೊಡ್ಡ ಕಂಪನಿ ಯಾವುದೋ ಮಾಡಿಸಿದ್ದು ಎಂದು ಬಹಳ ದಿನ ನಾನೂ ತಿಳಿದಿದ್ದೆ.

ಗೆಳೆಯರಿಗಾಗಿ ಬರೆದದ್ದು

ನಡೆದದ್ದು 2015ರಲ್ಲಿ. ಊರಿನ ಹುಡುಗರ ಸಂಘದವರಿಗೆ ಗಣೇಶನ ಹಬ್ಬಕ್ಕೆ ಬಾವುಟ ಬೇಕಿತ್ತು. ಎಲ್ಲರ ಬಾವುಟದಲ್ಲೂ ಓಂ ಇರುತ್ತದೆ, ನಮ್ಮದು ಬೇರೆ ಇರಲಿ ಎಂದು ಕರಣ್ ಅವರ ಬೆನ್ನು ಬಿದ್ದರು. ಇದರಲ್ಲಿ ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ, ತೀರ್ಪುಗಾರರಿಲ್ಲ. ಗೆಳೆಯರ ಕಾಟ ಒಂದೇ. ಕರಣ್ ಕಂಪ್ಯೂಟರಿನಲ್ಲಿ ಹನುಮನನ್ನು ಬರೆದುಕೊಟ್ಟರು. ಪೂರ್ತಿ ಮೈ ಅಲ್ಲ, ಗದೆಯಿಲ್ಲ, ಸಂಜೀವಿನಿ ಬೆಟ್ಟವಿಲ್ಲ, ಮುಖ ಮಾತ್ರ.

ಆ ಮುಖವೊಂದೇ ಇಷ್ಟು ದೂರ ಹೇಗೆ ಬಂತು ಎಂಬುದಕ್ಕೆ ಭಕ್ತಿಯ ಜೊತೆಗೆ ಕಸುಬಿನ ಕಾರಣವೂ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಂಪ್ಯೂಟರಿನ ಚಿತ್ರದಲ್ಲಿ ಎರಡು ಬಗೆ. ಒಂದು ನಮ್ಮ ಮೊಬೈಲ್ ಫೋಟೊದಂಥದು. ಕಣದಲ್ಲಿ ರಾಗಿ ಕಾಳು ಜೋಡಿಸಿ ಆನೆಯ ಆಕಾರ ಮಾಡಿದ ಹಾಗೆ. ದೂರದಿಂದ ಆನೆ, ಹತ್ತಿರ ಹೋದರೆ ಬರೀ ಕಾಳು. ಆ ಕಾಳಿಗೆ ಪಿಕ್ಸೆಲ್ ಎನ್ನುತ್ತಾರೆ. ಫೋಟೊ ಹಿಗ್ಗಿಸಿದರೆ ಒಡೆದು ಕಾಣುವುದು ಇದರಿಂದಲೇ. ಇನ್ನೊಂದು ಬಗೆಗೆ ವೆಕ್ಟರ್ ಎಂದು ಹೆಸರು. ಇದು ಸರ್ವೆ ಕಲ್ಲಿನ ಲೆಕ್ಕ. ಕಲ್ಲು ಎಲ್ಲೆಲ್ಲಿದೆ, ಒಂದರಿಂದ ಇನ್ನೊಂದಕ್ಕೆ ಗೆರೆ ನೇರ ಹೋಗುತ್ತದೋ ಬಾಗುತ್ತದೋ, ಇಷ್ಟನ್ನು ಮಾತ್ರ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ನಕ್ಷೆಯನ್ನು ಅಂಗೈಯಗಲ ಬರೆಯಿರಿ, ಗೋಡೆಯಗಲ ಬರೆಯಿರಿ, ಜಮೀನಿನ ಆಕಾರ ಕೆಡುವುದಿಲ್ಲ. ಕರಣ್ ಅವರ ಹನುಮ ಈ ಎರಡನೆಯ ಬಗೆ. ಬಾವುಟಕ್ಕೆಂದು ಬರೆದ ಮುಖ ಬೈಕಿನ ಟ್ಯಾಂಕಿಗೂ ಹಿಡಿಯಿತು, ಬಸ್ಸಿನ ಬೆನ್ನಿಗೂ ಹಿಡಿಯಿತು.

ಸ್ಟಿಕ್ಕರ್ ಅಂಗಡಿಯವನಿಗೆ ಇದು ಇನ್ನೂ ಸಲೀಸು. ಕತ್ತರಿಸುವ ಯಂತ್ರದ ಬ್ಲೇಡು ಆ ಗೆರೆಯ ಜಾಡು ಹಿಡಿದು ಓಡುತ್ತದೆ. ಕಾರಿನ ಗಾಜು ಹೇಗೂ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕೇಸರಿ ಹಾಳೆ ಒಂದಿದ್ದರೆ ಸಾಕು, ಕಪ್ಪು ಬಣ್ಣ ಪುಕ್ಕಟೆ! ಆ ಹುಬ್ಬಿನ ಗೆರೆ ಕಂಡರೆ ನನಗೆ ಯಕ್ಷಗಾನದ ಬಣ್ಣದ ವೇಷ ಕಣ್ಣಿಗೆ ಬರುತ್ತದೆ. ಅದು ನನ್ನ ಊಹೆ, ಬರೆದವರು ಹೇಳಿದ ಮಾತಲ್ಲ.

ಚಿತ್ರ ಊರು ಬಿಟ್ಟ ಮೇಲೆ ಅದರ ಅರ್ಥವೂ ಊರು ಬಿಟ್ಟಿತು. ಬೆಂಗಳೂರಿನಲ್ಲಿ ಮನೆಮಾತಾಗಿ ಆಮೇಲೆ ದೇಶವೆಲ್ಲ ಸುತ್ತಿತು. ಕೆಲವರು ದೇವರೆಂದು ಕೈ ಮುಗಿದರು. ಕೆಲವರು ಇದು ಸಿಟ್ಟಿನ ಹನುಮ, ರಾಜಕೀಯದ ಹನುಮ ಎಂದರು. 2018ರ ಮೇ 5ರಂದು ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಕಲಾವಿದನನ್ನು ಹೆಸರು ಹಿಡಿದು ಹೊಗಳಿದರು. ಜಗಳ ಇನ್ನೂ ಜಾಸ್ತಿಯಾಯಿತು. ನನ್ನ ಹನುಮನಲ್ಲಿ ಇರುವುದು ಸಿಟ್ಟಲ್ಲ, ಗತ್ತು ಎಂಬುದು ಕರಣ್ ಅವರ ಮಾತು. ಆದರೆ ಅಷ್ಟು ಹೊತ್ತಿಗೆ ಬರೆದವನ ಮಾತು ಕೇಳುವ ತಾಳ್ಮೆ ಯಾವ ಕಡೆಯವರಿಗೂ ಇರಲಿಲ್ಲ. ಅಂಗಡಿ ಅಂಗಡಿಯಲ್ಲಿ ಸ್ಟಿಕ್ಕರ್ ಮಾರಾಟವಾಯಿತು. ಟೀ ಶರಟಿಗೂ ಬಂತು, ಗಡಿಯಾರಕ್ಕೂ ಬಂತು. ಆ ಲಾಭ ಬರೆದ ಕೈಗೆ ಬರಲಿಲ್ಲ.

ನೋಟು ತೆಗೆದು ನೋಡಿ

ಈಗ ಇನ್ನೊಂದು ಬಗೆ. ವ್ಯಾಪಾರಸ್ಥರು ಜೇಬಿನಿಂದ ಒಂದು 500ರ ನೋಟು ತೆಗೆಯಬೇಕು. ಮುಂದಿನ ಮಗ್ಗುಲಲ್ಲಿ 500ರ ಎಡಕ್ಕೆ ರೂಪಾಯಿ ಗುರುತಿದೆ. ಹಿಂದಕ್ಕೆ ತಿರುಗಿಸಿದರೆ ಗಾಂಧೀಜಿಯ ಕನ್ನಡಕ ಇದೆ. ಎರಡೂ ಸ್ಪರ್ಧೆಗೆಂದೇ ಬರೆದ ಚಿತ್ರಗಳು. ಕನ್ನಡಕ ಬರೆದವರು ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರದ ಅನಂತ ಖಾಸಬಾರದಾರ್. 2014ರಲ್ಲಿ ಸ್ವಚ್ಛ ಭಾರತದ ಲಾಂಛನಕ್ಕೆ ಕೇಂದ್ರ ಸರ್ಕಾರ ಜನರಿಂದಲೇ ಚಿತ್ರ ಕೇಳಿತ್ತು. ಬಹುಮಾನ 50,000 ರೂಪಾಯಿ.

ರೂಪಾಯಿ ಗುರುತಿನದು ಇನ್ನೂ ಬಿಗಿಯಾದ ಸ್ಪರ್ಧೆ. 2009ರಲ್ಲಿ ಹಣಕಾಸು ಸಚಿವಾಲಯ ಕರೆ ಕೊಟ್ಟಿತು. 3,000ಕ್ಕೂ ಹೆಚ್ಚು ಚಿತ್ರ ಬಂದವು. ಐದು ಕೊನೆಯ ಸುತ್ತಿಗೆ ಉಳಿದವು. 2010ರ ಜುಲೈ 15ರಂದು ಕೇಂದ್ರ ಸಂಪುಟ ಒಂದನ್ನು ಒಪ್ಪಿತು. ಬರೆದವರು ಡಿ. ಉದಯಕುಮಾರ್, ತಮಿಳುನಾಡಿನ ಕಳ್ಳಕುರಿಚ್ಚಿ ಕಡೆಯವರು. ಆಗ ಮುಂಬಯಿ ಐಐಟಿಯಲ್ಲಿ ತಮಿಳು ಅಕ್ಷರಗಳ ವಿನ್ಯಾಸದ ಮೇಲೇ ಸಂಶೋಧನೆ ಮಾಡುತ್ತಿದ್ದರು. ಬಹುಮಾನ ಎರಡೂವರೆ ಲಕ್ಷ.

ಅವರು ಮಾಡಿದ್ದೇನು? ದೇವನಾಗರಿಯ ‘ರ’ ತೆಗೆದುಕೊಂಡರು. ಇಂಗ್ಲಿಷಿನ ‘ಆರ್’ ಅಕ್ಷರದ ಎಡಗಡೆಯ ನಿಲುವುಗೆರೆ ಕಿತ್ತರು. ಎರಡೂ ಒಂದೇ ಆಕಾರದಲ್ಲಿ ಕೂತವು. ನಾಗರಿ ಅಕ್ಷರಗಳ ತಲೆಯ ಮೇಲೆ ಎಳೆಯುವ ಗೆರೆಯನ್ನು ಉಳಿಸಿ ಅದರ ಕೆಳಗೆ ಇನ್ನೊಂದು ಗೆರೆ ಎಳೆದರು. ಎರಡು ಗೆರೆ, ನಡುವೆ ಬಿಳಿ ಜಾಗ. ನೋಡುವವರಿಗೆ ಬಾವುಟವೂ ಹೌದು, ಲೆಕ್ಕದ ಸಮ ಚಿಹ್ನೆಯೂ ಹೌದು. ಬರಿಗೈಲಿ ಒಂದು ಚಿಟಿಕೆಯಲ್ಲಿ ಬರೆಯಬಹುದು. ಮಂಡಿಯವನು ಚೀಟಿಯ ಮೇಲೆ ನಿಂತುಕೊಂಡೇ ಗೀಚಬಹುದು. ಕೀಲಿಮಣೆಗೂ ಹೊಂದಬೇಕು, ದೇಶದ ಗುರುತೂ ಕಾಣಬೇಕು ಎಂದು ಷರತ್ತು ಇತ್ತು. ಆ ಬೇಲಿಯೊಳಗೇ ಅವರು ಉತ್ತರು. 2011ರಲ್ಲಿ ನಾಣ್ಯಗಳ ಮೇಲೂ ಆ ಗುರುತು ಬಂತು.

ಇಷ್ಟು ನಿಯಮಕ್ಕೆ ತಕ್ಕಂತೆ ಬರೆದದ್ದಕ್ಕೂ ಜಗಳ ತಪ್ಪಲಿಲ್ಲ. 2025ರ ಮಾರ್ಚಿನಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ ಲಾಂಛನದಲ್ಲಿ ಈ ಗುರುತಿನ ಬದಲು ತಮಿಳಿನ ‘ರೂ’ ಅಕ್ಷರ ಹಾಕಿತು. ಬರೆದವರು ತಮಿಳರೇ, ಅದೂ ಆಗ ಆಳುತ್ತಿದ್ದ ಪಕ್ಷದ ಮಾಜಿ ಶಾಸಕರೊಬ್ಬರ ಮಗ. ಮೂರು ಭಾಷೆಯಲ್ಲಿ ಬೋರ್ಡು ಓದಿ ಅಭ್ಯಾಸವಾದ ನಮ್ಮ ತಾಳವಾಡಿಯವರಿಗೆ ಇದು ವಿಚಿತ್ರವಾಗಿ ಕಾಣಲಿಕ್ಕಿಲ್ಲ.

ಪಂಪೇದಾ, ಒದ್ದಾ?

ಇದನ್ನೆಲ್ಲ ನಾನು ವಿಚಾರಿಸತೊಡಗಿದ್ದು ಅಕ್ಕನ ಮಗಳ ದೆಸೆಯಿಂದ. ಅವಳು ಮೊಬೈಲಿನಲ್ಲಿ ಬೆರಳಿನಿಂದಲೇ ಚಿತ್ರ ಬರೆಯುತ್ತಾಳೆ. ಐಬಿಸ್ ಪೇಂಟ್ ಎಂಬ ಆ್ಯಪು. ಅದರಲ್ಲಿ ಪದರ ಪದರವಾಗಿ ಕೆಲಸ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಕೆಳಗಿನ ಹಾಳೆಯಲ್ಲಿ ಕಚ್ಚಾ ಗೆರೆ, ಅದರ ಮೇಲೆ ಪಕ್ಕಾ ಗೆರೆ, ಆಮೇಲೆ ಬಣ್ಣ, ಎಲ್ಲದರ ಮೇಲೆ ನೆರಳು ಬೆಳಕು. ತಪ್ಪಾದರೆ ಆ ಒಂದು ಹಾಳೆ ಮಾತ್ರ ಅಳಿಸಿದರಾಯಿತು. ತನಗಾಗಿ ಬರೆಯುವಾಗ ಅವಳಿಗೆ ಹೊತ್ತಿನ ಪರಿವೆ ಇಲ್ಲ. ಒಮ್ಮೆ ಮಳೆಯಲ್ಲಿ ಚೆಂಡುಹೂವಿನ ಹೊಲ ಬರೆದಳು. ಹದಿನೈದು ದಿನ ಅದನ್ನೇ ತಿದ್ದಿದಳು. ಯಾರಿಗೂ ಕೊಡಲಿಲ್ಲ.

ಸ್ಪರ್ಧೆಯೊಂದಕ್ಕೆ ಲಾಂಛನ ಬರೆಯುವಾಗ ಕತೆಯೇ ಬೇರೆ. ಬೆಟ್ಟ, ಆನೆ, ಹುಲಿ, ಅರಿಸಿನದ ಕೊಂಬು, ಸೋಲಿಗರ ಹೆಣ್ಣುಮಗಳು, ಎಲ್ಲ ಒಂದೇ ವೃತ್ತದೊಳಗೆ ತುಂಬಿದ್ದಳು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ತೋರಿಸು ಎಂದೆ. ಮಸಿ ಚುಕ್ಕೆ ಕಂಡಿತು. ಬೀಟ್‌ರೂಟ್ ಸಾಲಿನಲ್ಲಿ ಒತ್ತಾಗಿ ಬಂದ ಸಸಿ ಕೀಳುವಾಗ ಹೆಂಗಸರು ಹೇಗೆ ಕನಿಕರ ನೋಡುವುದಿಲ್ಲವೋ ಹಾಗೆ ಕೀಳಬೇಕು. ಹುಲಿ ಹೋಯಿತು, ಅರಿಸಿನ ಹೋಯಿತು, ಕೊನೆಗೆ ಆನೆಯ ಬೆನ್ನಿನ ಗೆರೆಯೇ ಬೆಟ್ಟದ ಗೆರೆಯಾಯಿತು. ಸ್ಪರ್ಧೆಯ ದೊಡ್ಡ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ. ಬೇಡದ್ದನ್ನು ಕೀಳುವ ಧೈರ್ಯ ಅದು ಕಲಿಸುತ್ತದೆ. ಹೂವಿನ ಹೊಲದಲ್ಲಿ ಅವಳು ಒಂದು ಹೂವನ್ನೂ ಕಿತ್ತಿರಲಿಲ್ಲ.

ಕಳಿಸುವ ಮುಂಚೆ ನಿಯಮದ ಪುಟ ಓದಿಸಿದೆ. ಗೆದ್ದ ಚಿತ್ರದ ಹಕ್ಕು ಅವರದು, ಸರಿ. ಸೋತ ಚಿತ್ರದ ಹಕ್ಕೂ ಅವರದೇ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಮಂಡಿಗೆ ಹೋದ ಮೂಟೆ ಮಾರಾಟವಾಗದಿದ್ದರೆ ನಾವು ವಾಪಸು ತರುತ್ತೇವೆ. ಇಲ್ಲಿ ಮಾರದ ಮೂಟೆಯೂ ದಲ್ಲಾಳಿಯದು! ಎಲ್ಲ ಸ್ಪರ್ಧೆಯೂ ಹೀಗಿರುವುದಿಲ್ಲ, ಅದಕ್ಕೇ ಓದಬೇಕು. “ಮಾಮಾ, ಪಂಪೇದಾ ಒದ್ದಾ?” ಎಂದು ಕೇಳಿದಳು. ನಮ್ಮ ಮನೆಮಾತು ತೆಲುಗು.

ನನಗೂ ಒಂದು ಪೆಟ್ಟು ನೆನಪಿತ್ತು. ಬಹಳ ಹಿಂದೆ ಯುಗಾದಿಯ ಸ್ಪರ್ಧೆಗೆ ಕೊಟ್ಟ ವಿಷಯದ ಮೇಲೆ ಕನ್ನಡದಲ್ಲಿ ಪದ್ಯ ಬರೆದು ಕಳಿಸಿದ್ದೆ. ಬಹುಮಾನ ಬರಲಿಲ್ಲ. ಮುಂದಿನ ವರ್ಷ ಗೊಬ್ಬರದ ಅಂಗಡಿಯೊಂದರ ಕ್ಯಾಲೆಂಡರಿನಲ್ಲಿ ಅದೇ ಪದ್ಯ, ನನ್ನ ಹೆಸರಿಲ್ಲದೆ. ಯಾರು ಎತ್ತಾದರು ಎಂದು ಈಗ ಕೆದಕುವುದು ಬೇಡ. ಅಂದಿನಿಂದ ಸ್ಪರ್ಧೆಗೆ ಬರೆದದ್ದನ್ನು ಬೇರೆ ಪುಸ್ತಕದಲ್ಲಿ ತಾರೀಕು ಹಾಕಿ ಇಡುತ್ತೇನೆ. ನನಗಾಗಿ ಬರೆಯುವ ತೆಲುಗು ಪದ್ಯಗಳಿಗೆ ತಾರೀಕೂ ಇಲ್ಲ.

ಕಾನೂನು ಹೇಳುವುದು ಇಷ್ಟು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು. ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಬರಹದಲ್ಲಿ ಆಗಬೇಕು. ಕರಣ್ ಅವರ ಹನುಮನಿಗೂ ಈ ಕಾಯಿದೆ ಉಂಟು. ಆದರೆ ಊರೂರಿನ ಸ್ಟಿಕ್ಕರ್ ಅಂಗಡಿಯ ಮೇಲೆ ಕೇಸು ಹಾಕುತ್ತ ಹೋಗುವವರು ಯಾರು? ಕಾಡುಹಂದಿಗೆ ಪಹಣಿ ತೋರಿಸಿದ ಹಾಗೆ. ಅಕ್ಕನ ಮಗಳಿಗೆ ನಾನು ಹೇಳಿದ್ದು ಎರಡೇ ಮಾತು. ಪದರಗಳಿರುವ ಮೂಲ ಚಿತ್ರ ಯಾರಿಗೂ ಕೊಡಬೇಡ. ಸಹಿಯನ್ನು ಮೂಲೆಯಲ್ಲಿ ಹಾಕಬೇಡ, ಮೂಲೆ ಕತ್ತರಿಸುವುದು ಸುಲಭ, ಗೆರೆಯ ಒಳಗೇ ಸೇರಿಸು.

ಕರಣ್ ಆಚಾರ್ಯರ ಆಮೇಲಿನ ಕೆಲಸ ಕೂಡ ಅವಳೇ ತೋರಿಸಿದ್ದು. ನನಗೆ ಹನುಮನಿಗಿಂತ ಅದು ಹೆಚ್ಚು ಹಿಡಿಸಿತು. ತೀರಿಹೋದವರ ಫೋಟೊ ಕಳಿಸಿ, ನಮ್ಮ ಜೊತೆ ಸೇರಿಸಿಕೊಡಿ ಎಂದು ಜನ ಅವರನ್ನು ಕೇಳುತ್ತಾರೆ. ಅವರು ಬರೆದುಕೊಡುತ್ತಾರೆ. ನಟ ಚಿರಂಜೀವಿ ಸರ್ಜಾ 2020ರ ಜೂನ್ 7ರಂದು ತೀರಿಕೊಂಡಾಗ ಪತ್ನಿ ಮೇಘನಾ ರಾಜ್ ಗರ್ಭಿಣಿ. ಚಿರು ಅವರ ಜೊತೆಗೇ ಇರುವಂತೆ ಕರಣ್ ಚಿತ್ರ ಬರೆದರು. ಇದು ಬರೀ ಕತ್ತರಿಸಿ ಅಂಟಿಸುವ ಕೆಲಸವಲ್ಲ. ಹಳೇ ಫೋಟೊದಲ್ಲಿ ಬೆಳಕು ಎಡದಿಂದ ಬಿದ್ದಿದ್ದು ಹೊಸದರಲ್ಲಿ ಬಲದಿಂದ ಬಿದ್ದಿದ್ದರೆ ಮುಖದ ನೆರಳನ್ನೆಲ್ಲ ತಿರುಗಿಸಿ ಬರೆಯಬೇಕು. ಹತ್ತು ವರ್ಷದ ಹಿಂದೆ ಹೋದವರಿಗೆ ಹತ್ತು ವರ್ಷದ ನರೆ ಕೂಡಿಸಬೇಕೋ ಬೇಡವೋ ಎಂದು ಮನೆಯವರನ್ನು ಕೇಳಬೇಕು. ತೀರ್ಪುಗಾರ ಒಬ್ಬನೇ ಇರುತ್ತಾನೆ, ಅವನು ನೋಡಿ ಅತ್ತರೆ ಚಿತ್ರ ಸರಿಯಾಗಿದೆ.

ಅಕ್ಕನ ಮನೆಯ ಗೃಹಪ್ರವೇಶದ ಫೋಟೊದಲ್ಲಿ ನಮ್ಮಮ್ಮನನ್ನು ಕೂರಿಸುವುದಾಗಿ ಅವಳು ಹೊರಟಿದ್ದಾಳೆ. ಅಮ್ಮ ಹೋದಾಗ ಅವಳಿನ್ನೂ ಹುಟ್ಟಿರಲಿಲ್ಲ. ಅಮ್ಮನದು ಇರುವುದು ಒಂದೇ ಫೋಟೊ. ಯಾರದೋ ಮದುವೆಯಲ್ಲಿ ಮೂರನೇ ಸಾಲು, ಅರ್ಧ ಮುಖ ಮುಂದಿನವರ ರುಮಾಲಿನ ಹಿಂದೆ. ಉಳಿದರ್ಧವನ್ನು ನಮ್ಮನ್ನು ಕೇಳಿ ಕೇಳಿ ಬರೆಯುತ್ತಿದ್ದಾಳೆ. ಗಲ್ಲ ಅಕ್ಕನದೇ ಎಂದು ಒಪ್ಪಿದೆವು. ಮೂಗುಬೊಟ್ಟಿನಲ್ಲಿ ನಿಂತಿದೆ. ಎಡಕ್ಕೆ ಮಾತ್ರ ಇತ್ತು ಅಂತ ನನ್ನ ನೆನಪು. ಎರಡೂ ಕಡೆ ಇತ್ತು ಅಂತ ಅಕ್ಕ. ಊರಿನಲ್ಲಿ ಅಮ್ಮನ ಓರಗೆಯ ಒಬ್ಬರು ಇದ್ದಾರೆ, ಸಂತೆ ದಿನ ಹೋಗಿ ಕೇಳಬೇಕು. ಆನೆಬೆಟ್ಟದ ಚಿತ್ರವನ್ನು ಅವಳು ಸ್ಪರ್ಧೆಗೆ ಕಳಿಸಿಯೇ ಬಿಟ್ಟಳು. ಫಲಿತಾಂಶ ಇನ್ನೂ ಬಂದಿಲ್ಲ.